ಮುನಿರಾಮಯ್ಯನವರ ಜಾರುಗಂಟು

ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಆಗಸ್ಟ್ ಹದಿನೈದಕ್ಕೂ ಜನವರಿ ಇಪ್ಪತ್ತಾರಕ್ಕೂ ಬಾವುಟ ಹಾರಿಸುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು. ಹಾರಿಸುವವರು ಪ್ರತಿ ಸಲ ಬದಲಾಗುತ್ತಾರೆ. ಅವರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರ ನೂಕುನುಗ್ಗಲು. ಕಟ್ಟುವವರು ಮಾತ್ರ ಹನ್ನೊಂದು ವರ್ಷದಿಂದ ಒಬ್ಬರೇ, ಮುನಿರಾಮಯ್ಯನವರು. ಅವರಿಗೆ ಶಾಲೂ ಇಲ್ಲ, ಪೇಟವೂ ಇಲ್ಲ. ಆದರೆ ಹಗ್ಗ ಎಳೆದಾಗ ಬಾವುಟ ಬಿಚ್ಚಿಕೊಳ್ಳದೆ ಹೋದರೆ ಹಾರಿಸಲು ಬಂದವರ ಮುಖ ಏನಾಗುತ್ತದೆ ಎಂದು ಒಮ್ಮೆ ಕಂಡವರಿಗೆ, ಇಬ್ಬರಲ್ಲಿ ಯಾರ ಕೆಲಸ ದೊಡ್ಡದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನೋಡುವುದಕ್ಕೆ ಅದು ಸುಲಭದ ಕೆಲಸ. ಸೀರೆಯ ನೆರಿಗೆ ಹಿಡಿದ ಹಾಗೆ ಬಾವುಟವನ್ನು ಮಡಿಸುತ್ತಾ ಬರಬೇಕು. ನಡುವೆ ಹೂವಿನ ಎಸಳು ತುಂಬಬೇಕು. ಪೊಟ್ಟಣ ಮಾಡಿ, ಹಗ್ಗದಿಂದ ಒಂದು ಜಾರುಗಂಟು ಹಾಕಿ, ಕಂಬದ ತುದಿಗೆ ಏರಿಸಬೇಕು. ಗಂಟು ಸಡಿಲವಾದರೆ ಅತಿಥಿ ಬರುವ ಮೊದಲೇ ಗಾಳಿಗೆ ಬಿಚ್ಚಿಕೊಳ್ಳುತ್ತದೆ. ಬಿಗಿಯಾದರೆ ಅತಿಥಿ ಜಗ್ಗಿ ಜಗ್ಗಿ ಬೆವರಬೇಕಾಗುತ್ತದೆ. ಈ ಎರಡರ ನಡುವಿನ ಹದ ಮುನಿರಾಮಯ್ಯನವರ ಬೆರಳುಗಳಿಗೆ ಗೊತ್ತಿತ್ತು. ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದವರು ಅವರು. ಕೆಲಸಕ್ಕೆ ಸೇರಿದ ವರ್ಷ ಪಿ.ಟಿ. ಮೇಷ್ಟ್ರು ಕಲಿಸಿಕೊಟ್ಟ ಆ ಗಂಟು ಶಾಲೆಯಲ್ಲಾಗಲಿ, ನಿವೃತ್ತಿಯಾದ ಮೇಲೆ ಪಾರ್ಕಿನಲ್ಲಾಗಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ದೇಶದ ಬಗ್ಗೆ ನಾಲ್ಕು ಮಾತಾಡಿ ಎಂದು ಯಾರಾದರೂ ಮೈಕು ಕೊಟ್ಟರೆ ಅವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಕಟ್ಟುವಾಗ ಅವರಿಗೆ ದೇಶದ ನೆನಪು ಬರುತ್ತಿತ್ತೇ? ಸುಳ್ಳೇಕೆ ಹೇಳಬೇಕು, ಬರುತ್ತಿರಲಿಲ್ಲ. ಗಂಟಿನ ಯೋಚನೆಯೇ ಸಾಕಾಗುತ್ತಿತ್ತು. ಆದರೆ ಬಾವುಟ ಬಿಚ್ಚಿಕೊಂಡು, ಹೂ ಉದುರಿ, ಜನಗಣಮನ ಶುರುವಾದ ಕ್ಷಣ ಅವರ ಎರಡೂ ತೋಳಿನ ರೋಮ ಎದ್ದು ನಿಲ್ಲುತ್ತಿತ್ತು. ಎಪ್ಪತ್ತರ ಹತ್ತಿರ ಬಂದರೂ ಅದು ತಪ್ಪಿರಲಿಲ್ಲ. ಹೀಗಾಗುತ್ತದೆಂದು ಹೇಳಿಕೊಳ್ಳಲು ನಾಚಿಕೆಯಾಗಿ ಅವರು ಆ ದಿನ ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದರು.

ಹೂವಿನ ಖಾತೆ ಹೆಂಡತಿ ರಾಮಮ್ಮನದು. ಹಿಂದಿನ ದಿನ ಸಂಜೆ ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ಸೇವಂತಿಗೆ, ಗುಲಾಬಿ ಆರಿಸಿ ತರುತ್ತಿದ್ದಳು. ಒಂದೊಂದೇ ಎಸಳು ಬಿಡಿಸಿ, ನಡುಮನೆಯಲ್ಲಿ ನ್ಯೂಸ್‌ಪೇಪರಿನ ಮೇಲೆ ಹರಡಿ, ಫ್ಯಾನ್ ಹಾಕಿ ನೀರಾರಲು ಬಿಡುತ್ತಿದ್ದಳು. ಒದ್ದೆ ಎಸಳು ಬಟ್ಟೆಗೆ ಅಂಟಿಕೊಳ್ಳುತ್ತದೆ, ಮುದ್ದೆಯಾಗಿ ಬೀಳುತ್ತದೆ, ಬಿಳಿಯ ಮೇಲೆ ಕಲೆ ಬೇರೆ ಎಂದು ಕಂಡುಹಿಡಿದವಳು ಅವಳೇ. ಬೆಳಿಗ್ಗೆ ಗಂಡನ ಹಳೆಯ ಕರ್ಚೀಫಿನಲ್ಲಿ ಅವನ್ನು ಗಂಟು ಕಟ್ಟಿಕೊಂಡು ಹಿಂದೆಯೇ ನಡೆದು ಬಂದು ಎಡಗಡೆ ನಿಲ್ಲುವಳು. ನೆರಿಗೆ ಅರ್ಧಕ್ಕೆ ಬಂದಾಗ ಅವರ ಎಡಗೈ ಪಕ್ಕಕ್ಕೆ ಚಾಚುವುದು, ಅದರೊಳಗೆ ಹೂವಿನ ಗಂಟು ಬಂದು ಕೂರುವುದು. ಅಲ್ಲಿ ಮಾತಿಗೆ ಕೆಲಸವಿರಲಿಲ್ಲ.

ಆಮೇಲೆ ಅವಳು ಹೋಗಿ ಸಿಮೆಂಟ್ ಬೆಂಚಿನ ಹತ್ತಿರ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದಳು. ಜನಗಣಮನ ಅವಳಿಗೆ ಮೊದಲ ಎರಡು ಸಾಲಿನಾಚೆ ಬರುತ್ತಿರಲಿಲ್ಲ. ಕಾರ್ಯಕ್ರಮ ಮುಗಿದು ಜನವೆಲ್ಲ ಕೇಸರಿಬಾತಿಗೆ ಸಾಲು ನಿಂತಾಗ, ಉದುರಿದ ಎಸಳನ್ನು ಯಾರೂ ತುಳಿಯದ ಹಾಗೆ ಆಯ್ದು ಹೊಂಗೆ ಮರದ ಬುಡಕ್ಕೆ ಹಾಕುತ್ತಿದ್ದಳು.

“ನಿನ್ನ ದೇಶಭಕ್ತಿ ಎಲ್ಲಾ ಹೂವಲ್ಲೇ ಮುಗ್ದೋಯ್ತು ಕಣೇ,” ಎಂದು ಮುನಿರಾಮಯ್ಯನವರು ಛೇಡಿಸುತ್ತಿದ್ದರು.

“ನಿಮ್ದು ಗಂಟಲ್ಲೇ ಮುಗ್ದಿಲ್ವಾ? ಸುಮ್ನೆ ನಡೀರಿ, ಕೇಸರಿಬಾತ್ ಖಾಲಿಯಾಗುತ್ತೆ.”

ಲೇಔಟಿನಲ್ಲಿ ದೇಶವನ್ನು ಪ್ರೀತಿಸುವವರಿಗೆ ಬರವಿರಲಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿ ಚಕ್ರಪಾಣಿಯವರು ಬ್ಯಾಂಕಿನಿಂದ ನಿವೃತ್ತರಾದವರು, ಮಾತಿನಿಂದ ಇನ್ನೂ ಆಗಿಲ್ಲ. ಅವರ ಭಾಷಣ ಬಿಸಿಲೇರುವವರೆಗೂ ನಡೆಯುತ್ತಿತ್ತು. ಮುನಿರಾಮಯ್ಯನವರ ಮಗ ಸುಬ್ರಮಣಿ ಆಗಸ್ಟ್ ಒಂದಕ್ಕೇ ವಾಟ್ಸಾಪಿನ ತನ್ನ ಮುಖ ತೆಗೆದು ಬಾವುಟ ಹಾಕುತ್ತಿದ್ದ, ದೀಪಾವಳಿಯವರೆಗೂ ಅದು ಹಾಗೇ ಇರುತ್ತಿತ್ತು. ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಕುಷ್ಟಗಿ ಕಡೆಯ ವೀರೇಶ ಊಟ ಡೆಲಿವರಿ ಮಾಡುವವನು. ಅವನ ಬೈಕಿನ ಮೇಲೆ ಅಂಗೈಯಗಲದ ಒಂದು ಬಾವುಟ. ಓಟು ಬಂದಾಗಲೆಲ್ಲ ರಾತ್ರಿಯಿಡೀ ಬಸ್ಸಿನಲ್ಲಿ ನಿಂತುಕೊಂಡಾದರೂ ಊರಿಗೆ ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುತ್ತಿದ್ದ. ಇವರಲ್ಲಿ ಯಾರದು ಹೆಚ್ಚು, ಯಾರದು ಕಡಿಮೆ ಎಂದು ತೂಗಲು ಹೋಗುವುದು ಬೇಡ. ತಕ್ಕಡಿ ಹಿಡಿಯುವವರು ಬೇಕಾದಷ್ಟು ಜನ ಇದ್ದಾರೆ.

ಈ ವರ್ಷ ಆಗಸ್ಟ್ ಆರರ ಬೆಳಿಗ್ಗೆ ರಾಮಮ್ಮ ಹಾಲು ಕಾಯಿಸಲು ಇಟ್ಟು, ಎದೆ ಹಿಡಿದುಕೊಂಡು ಅಡುಗೆಮನೆಯ ಗೋಡೆಗೆ ಒರಗಿ ಕುಳಿತಳು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯ ತುಂಬ ಹರಿದಿತ್ತು. ಮುನಿರಾಮಯ್ಯನವರು ಮೊದಲು ಮಾಡಿದ ಕೆಲಸ ಒದ್ದೆ ಬಟ್ಟೆ ತಂದು ಆ ಹಾಲು ಒರೆಸಿದ್ದು. ಯಾಕೆ ಹಾಗೆ ಮಾಡಿದರೋ ಅವರಿಗೇ ತಿಳಿಯದು.

ಅಲ್ಲಿಂದಾಚೆಗೆ ಎಲ್ಲವೂ ಬೇರೆ ಯಾರದೋ ಮನೆಯಲ್ಲಿ ನಡೆದ ಹಾಗೆ ನಡೆಯಿತು. ಮಣ್ಣು ಮಾಡಿ ಬಂದರು. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದರು. ಬಂದವರು ಅಪ್ಪಿಕೊಂಡು ಅತ್ತರೆ ಅವರ ಬೆನ್ನನ್ನು ಇವರೇ ಸವರಿದರು. ಊಟ ಹಾಕಿದರೆ ಉಣ್ಣುತ್ತಿದ್ದರು. ಉಪ್ಪಿದೆಯೋ ಇಲ್ಲವೋ ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ.

“ಮಾವ, ಒಂದ್ಸಲ ಅತ್ಬಿಡಿ. ಒಳಗಿಟ್ಕೋಬೇಡಿ,” ಎಂದಳು ಸೊಸೆ ಮಾಲಾ.

“ಒಳಗೇನೂ ಇಲ್ಲಮ್ಮ,” ಎಂದರು. ನಿಜವನ್ನೇ ಹೇಳಿದ್ದರು. ಒಳಗೆ ದುಃಖ ಕೂಡ ಇರಲಿಲ್ಲ, ಅದೇ ಅವರಿಗೆ ಭಯ ಹುಟ್ಟಿಸಿತ್ತು. ಇಷ್ಟು ವರ್ಷ ಒಟ್ಟಿಗೆ ಬಾಳಿದವಳು ಹೋದರೂ ಏನೂ ಆಗದ ಈ ದೇಹ ಇನ್ನು ಯಾವುದಕ್ಕೆ ಮಿಸುಕೀತು? ಒಂದೇ ಒಂದು ಆಸೆ ಉಳಿದಿತ್ತು. ಹದಿನೈದರಂದು ಬಾವುಟ ಕಟ್ಟಬೇಕು. ಜನಗಣಮನ ಶುರುವಾದಾಗ ತೋಳಿನ ರೋಮ ನಿಲ್ಲುತ್ತದೋ ಇಲ್ಲವೋ ನೋಡಬೇಕು. ನಿಂತರೆ ತಾನು ಇನ್ನೂ ಬದುಕಿದ್ದೇನೆ ಎಂದು ನಂಬಬಹುದು.

ಹನ್ನೆರಡರ ಸಂಜೆ ಚಕ್ರಪಾಣಿಯವರು ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಮಾಲಾ ತಂದ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡರು. ಸೂತಕದ ಮನೆಯ ನೀರು.

“ಮುನಿರಾಮಯ್ಯನೋರೆ, ತಪ್ಪು ತಿಳ್ಕೋಬೇಡಿ. ನನಗಂತೂ ಇವೆಲ್ಲ ನಂಬಿಕೆ ಇಲ್ಲ. ಆದ್ರೆ ಭಾರತಮಾತೆ ಫೋಟೋಗೆ ಪೂಜೆ ಮಾಡ್ತೀವಲ್ಲ, ಆರತಿ, ಕಾಯಿ ಒಡೆಯೋದು... ಕೆಲವು ಮೆಂಬರ್ಸ್ ಹೇಳಿದ್ರು, ಹನ್ನೊಂದನೇ ದಿನದ ತಿಥಿ ಆಗೋವರೆಗೂ...”

ತಿಥಿ ಹದಿನಾರಕ್ಕಿತ್ತು. ಒಂದು ದಿನ ತಡ.

“ಆಗ್ಲಿ ಸಾರ್,” ಎಂದರು ಮುನಿರಾಮಯ್ಯನವರು.

“ಶಾಮಿಯಾನದವನು ಕಟ್ತಾನಂತೆ. ನೀವು ರೆಸ್ಟ್ ತಗೊಳ್ಳಿ.”

“ಆಗ್ಲಿ ಸಾರ್.” ಬೇಡ ಎನ್ನುವುದಕ್ಕೂ ಸ್ವಲ್ಪ ಜೀವ ಬೇಕು, ಅಷ್ಟು ಅವರಲ್ಲಿರಲಿಲ್ಲ. ಚಕ್ರಪಾಣಿಯವರು ಲೋಟವನ್ನು ಹಾಗೇ ಕೆಳಗಿಟ್ಟು ಎದ್ದರು.

ಹದಿನೈದರ ಬೆಳಿಗ್ಗೆ ಮುನಿರಾಮಯ್ಯನವರು ಸ್ನಾನ ಮಾಡಿ ಅಭ್ಯಾಸಬಲದಿಂದ ತುಂಬುತೋಳಿನ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಪಾರ್ಕಿನ ಮೈಕಿನಿಂದ “ಹಲೋ, ಹಲೋ” ಕೇಳಿಸುತ್ತಿತ್ತು. ಏಳೂವರೆಗೆ ವೀರೇಶ ಬೈಕನ್ನು ಗೇಟಿಗೆ ತಾಗಿಸಿ ನಿಲ್ಲಿಸಿದ.

“ಕಾಕಾ, ಲಗೂನ ಬರ್ರಿ. ಝಂಡಾ ಸಿಕ್ಕೊಂಡೈತಿ. ಟ್ರಯಲ್ ನೋಡಾಕಂತ ಜಗ್ಯಾರ, ಎಷ್ಟು ಜಗ್ಗಿದ್ರೂ ಬಿಚ್ಚವಲ್ದು.”

“ನಮಗೆ ಸೂತಕ ಅಲ್ವೇನಪ್ಪ?”

“ಅವ್ರೇ ಕಳಿಸ್ಯಾರ್ರಿ ನನ್ನ. ಎಂಟಕ್ಕ ಗೆಸ್ಟ್ ಬರ್ತಾರ. ಹತ್ರಿ ಗಾಡಿ.”

ಅರ್ಧ ಗಂಟೆ ಬಾಕಿ ಇರುವಾಗ ಸೂತಕವೂ ಸ್ವಲ್ಪ ಸಡಿಲಾಗುತ್ತದೆ ಎಂಬುದು ಮುನಿರಾಮಯ್ಯನವರಿಗೆ ಅವತ್ತು ಗೊತ್ತಾಯಿತು. ನಗು ಬರಬೇಕಿತ್ತು, ಬರಲಿಲ್ಲ. ಬೈಕು ಹತ್ತಿದರು.

ಪಾರ್ಕಿನ ಗೇಟಿನಲ್ಲೇ ಚಕ್ರಪಾಣಿಯವರು ಕಾಯುತ್ತಿದ್ದರು. “ಬನ್ನಿ, ಬನ್ನಿ. ಮಾನ ಉಳಿಸಿ. ಕಟ್ಟಿಬಿಡಿ, ಆರತಿ ತಟ್ಟೆ ಒಂದು ಮುಟ್ಬೇಡಿ,” ಎಂದು ಹೇಳಿ ಅತಿಥಿಯನ್ನು ಎದುರುಗೊಳ್ಳಲು ಹೋದರು.

ಮುನಿರಾಮಯ್ಯನವರು ಪೊಟ್ಟಣವನ್ನು ಕೆಳಗಿಳಿಸಿದರು. ಶಾಮಿಯಾನದವನು ಚಪ್ಪರದ ಕಂಬಕ್ಕೆ ಹಾಕುವ ಗಂಟು ಹಾಕಿದ್ದ. ಜಗ್ಗಿದಷ್ಟೂ ಬಿಗಿಯುವ ಗಂಟು ಅದು. ಉಗುರು ಹಾಕಿ ಬಿಡಿಸಿದರು. ಒಳಗೆ ನೀರು ಚಿಮುಕಿಸಿದ ಚೆಂಡುಹೂವಿನ ಎಸಳು ಬಟ್ಟೆಗೆ ಮೆತ್ತಿಕೊಂಡಿತ್ತು. ಇದನ್ನು ನೋಡಿದ್ದರೆ ರಾಮಮ್ಮ ಏನೆನ್ನುತ್ತಿದ್ದಳೋ ಅವರಿಗೆ ಗೊತ್ತು. ಬಾವುಟವನ್ನು ಕೊಡವಿ, ಅಂಟಿದ್ದ ಒಂದೊಂದು ಎಸಳನ್ನೂ ಬಿಡಿಸಿ ಪಕ್ಕದ ಬಕೆಟ್ಟಿಗೆ ಹಾಕಿದರು. ಆಮೇಲೆ ನೆರಿಗೆ ಹಿಡಿಯತೊಡಗಿದರು.

ಬೆರಳು ಒಂದನ್ನೂ ಮರೆತಿರಲಿಲ್ಲ. ಅವಕ್ಕೆ ಸಾವಿನ ಸುದ್ದಿಯೇ ತಲುಪಿಲ್ಲವೋ ಎಂಬಂತೆ ಅವು ತಮ್ಮಷ್ಟಕ್ಕೆ ಕೆಲಸ ಮಾಡಿದವು. ನೆರಿಗೆ ಅರ್ಧಕ್ಕೆ ಬಂದಾಗ ಎಡಗೈ ಪಕ್ಕಕ್ಕೆ ಚಾಚಿತು. ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಯಾಕೆ ಚಾಚಿದೆ ಎಂದು ಅವರಿಗೆ ಹೊಳೆಯಲಿಲ್ಲ. ಹಿಂದೆ ಸೆಳೆದುಕೊಂಡು ಉಳಿದ ನೆರಿಗೆ ಮುಗಿಸಿದರು. ಜಾರುಗಂಟು ಹಾಕಿ, ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿ ನೋಡಿ, ಮೇಲಕ್ಕೆ ಏರಿಸಿದರು.

ಅತಿಥಿಯಾಗಿ ಬಂದವರು ಲಕ್ಷ್ಮಿದೇವಮ್ಮ, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಕೊರೊನಾ ಮುಗಿದ ಮೇಲೆ ನಿವೃತ್ತರಾದವರು. ಪೇಟ ಬೇಡ ಎಂದು ತೆಗೆದು ಕುರ್ಚಿಯ ಮೇಲಿಟ್ಟು ಕಂಬದ ಹತ್ತಿರ ಬಂದರು. ಮಕ್ಕಳು ಸಾಲಾಗಿ ನಿಂತರು. ಮೊಬೈಲುಗಳೆಲ್ಲ ಮೇಲೆದ್ದವು. ಲಕ್ಷ್ಮಿದೇವಮ್ಮ ಹಗ್ಗವನ್ನು ಒಂದೇ ಒಂದು ಸಲ, ಮಗುವಿನ ಕೈ ಹಿಡಿದು ಕರೆದಷ್ಟು ಮೆಲ್ಲಗೆ ಎಳೆದರು. ಗಂಟು ಜಾರಿತು. ಬಾವುಟ ಬಿಚ್ಚಿಕೊಂಡಿತು.

ಏನೂ ಉದುರಲಿಲ್ಲ.

ಮೇಲೆತ್ತಿದ ಮುಖಗಳೆಲ್ಲ ಹಾಗೇ ನಿಂತವು. ಸಾಲಿನ ಮುಂದಿದ್ದ ಪುಟ್ಟ ಹುಡುಗಿಯೊಬ್ಬಳು ಎರಡೂ ಅಂಗೈ ಜೋಡಿಸಿ ಒಡ್ಡಿದ್ದಳು, ಖಾಲಿ ಅಂಗೈಯನ್ನು ನೋಡಿಕೊಂಡಳು. ಯಾರೋ ಗಂಟಲು ಸರಿಮಾಡಿಕೊಂಡು ಜನಗಣಮನ ಶುರುಮಾಡಿದರು, ಉಳಿದವರು ಒಂದು ಪದ ತಡವಾಗಿ ಸೇರಿಕೊಂಡರು.

ಎಡಗೈ ಚಾಚಿದ್ದು ಯಾಕೆ ಎಂದು ಮುನಿರಾಮಯ್ಯನವರಿಗೆ ಆಗ ತಿಳಿಯಿತು. ಹೂವಿಗೆ. ರಾಮಮ್ಮ ಕೊಡುತ್ತಾಳೆ ಎಂದು ಕೈ ಕಾದಿತ್ತು. ಕೈಗೆ ಗೊತ್ತಿರಲಿಲ್ಲ ಸರಿ, ತಲೆಗಾದರೂ ಗೊತ್ತಿರಬೇಡವೇ? ಅವರು ನೆಟ್ಟಗೆ ನಿಂತು ಕೊನೆಯ ಜಯಹೇವರೆಗೂ ಹಾಡಿದರು. ಬೆಂಚಿನ ಹತ್ತಿರ ಚಪ್ಪಲಿ ಬಿಟ್ಟವರು ಯಾರೂ ಇರಲಿಲ್ಲ. ಅಂಗಿಯ ತೋಳಿನೊಳಗೆ ಒಂದು ರೋಮವೂ ಅಲುಗಲಿಲ್ಲ.

ಚಕ್ರಪಾಣಿಯವರಿಗೆ ಮೊದಲು ಸಿಟ್ಟು ಬಂದಿತ್ತು. ಪಕ್ಕದಲ್ಲಿದ್ದವರು ಕಿವಿಯಲ್ಲಿ ಏನೋ ಹೇಳಿದ ಮೇಲೆ ಅವರ ಮುಖ ಅರಳಿತು. ಮೈಕು ಹಿಡಿದುಕೊಂಡರು.

“ಬಂಧುಗಳೇ, ಇವತ್ತು ಬಾವುಟದಿಂದ ಹೂವು ಯಾಕೆ ಬೀಳಲಿಲ್ಲ ಅಂತ ನೀವೆಲ್ಲ ಯೋಚಿಸ್ತಿರಬಹುದು. ನಮ್ಮ ಮುನಿರಾಮಯ್ಯನವರು ಪತ್ನಿಯನ್ನು ಕಳೆದುಕೊಂಡು ಇವತ್ತಿಗೆ ಹತ್ತನೇ ದಿನ. ಸೂತಕದಲ್ಲಿ ಹೂವು ಮುಟ್ಟಬಾರದು ಅನ್ನೋ ಸಂಪ್ರದಾಯವನ್ನೂ ಬಿಡಲಿಲ್ಲ, ದೇಶಸೇವೆಯನ್ನೂ ಬಿಡಲಿಲ್ಲ. ಇದಪ್ಪಾ ದೇಶಪ್ರೇಮ!”

ಪಾರ್ಕು ಚಪ್ಪಾಳೆಯಿಂದ ತುಂಬಿತು. ಹೆಂಗಸರು ಕಣ್ಣೊರೆಸಿಕೊಂಡರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಟ್ಟುವವರಿಗೆ ಶಾಲು ಬಂತು. ಹೆಗಲಿಗೆ ಹೊದಿಸುವಾಗ ಚಕ್ರಪಾಣಿಯವರು ಮೈಗೆ ಕೈ ತಾಗದ ಹಾಗೆ ಜಾಗ್ರತೆ ವಹಿಸಿದರು.

“ಮರ್ತೋದೆ ಸಾರ್,” ಎಂದರು ಮುನಿರಾಮಯ್ಯನವರು.

“ಏನಂದ್ರಿ?”

“ಹೂವು ಇಡೋದು ಮರ್ತೋದೆ.”

ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹತ್ತಿರದಲ್ಲಿದ್ದ ಲಕ್ಷ್ಮಿದೇವಮ್ಮನಿಗೆ ಮಾತ್ರ ಕೇಳಿಸಿತು. ಅವರು ಸೂತಕದ ಯೋಚನೆ ಮಾಡದೆ ಮುನಿರಾಮಯ್ಯನವರ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡರು. ಸಂಜೆ ಹೊತ್ತು ಮುಳುಗುವ ಮೊದಲು ಮುನಿರಾಮಯ್ಯನವರು ಹೋಗಿ ಬಾವುಟ ಇಳಿಸಿ ಮಡಿಸಿ ತಂದು ಬೀರುವಿನಲ್ಲಿಟ್ಟರು. ಇಳಿಸುವಾಗ ಪಾರ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ, ಎಂದೂ ಇರುತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ರಾಮಮ್ಮನೂ ಸೇರಿ ಇಬ್ಬರಿರುತ್ತಿದ್ದರು.

ಮರುದಿನ ತಿಥಿ. ರಾಮಮ್ಮನ ಫೋಟೋದ ಮುಂದೆ ಒಬ್ಬಟ್ಟು, ಬೋಂಡ, ಅವಳು ಮೆಲ್ಲುತ್ತಿದ್ದ ಎಲೆ ಅಡಿಕೆ ಎಲ್ಲ ಇಟ್ಟು ಎಡೆ ಮಾಡಿದರು. ಬಂದವರು ತಂದ ಹಾರಗಳಲ್ಲಿ ಫೋಟೋ ಅರ್ಧ ಮುಚ್ಚಿಹೋಗಿತ್ತು. ಊಟ ಮುಗಿದು, ನೆಂಟರು ಹೊರಟು, ಸುಬ್ರಮಣಿ ಬಾಡಿಗೆ ಪಾತ್ರೆ ಹಿಂದಿರುಗಿಸಲು ಹೋದ. ಮಾಲಾ ಮುಸುರೆ ತೊಳೆದು ನಡುಮನೆಗೆ ಬಂದಾಗ ಮಾವ ನೆಲದ ಮೇಲೆ ಕೂತಿದ್ದರು. ಅಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲಿದ್ದರು. ಮುಂದೆ ನ್ಯೂಸ್‌ಪೇಪರು. ಫೋಟೋದಿಂದ ಒಂದು ಸೇವಂತಿಗೆ ಹಾರ ತೆಗೆದು ಎಸಳು ಬಿಡಿಸುತ್ತಿದ್ದರು.

“ಏನ್ ಮಾಡ್ತಿದೀರಾ ಮಾವ?”

“ಹೂ ಬಿಡಿಸ್ತಿದೀನಿ. ಜನವರಿಗೆ.”

ಮಾಲಾ ಗಾಬರಿಯಾಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. “ಜನವರಿಗೆ ಇನ್ನೂ ಐದು ತಿಂಗಳಿದೆ. ಅಲ್ಲೀವರ್ಗೂ ಇವು ಇರಲ್ಲ. ಅಲ್ದೆ ಫೋಟೋಗೆ ಹಾಕಿದ್ದು ಬಾವುಟಕ್ಕೆ ಬರಲ್ಲ ಮಾವ.”

“ಗೊತ್ತಮ್ಮ. ಇವನ್ನ ಕಟ್ಟಲ್ಲ. ಗಂಟು ಹಾಕೋದು ನಂಗೆ ಬರುತ್ತೆ, ಇದು ಬರಲ್ಲ. ಕಲೀಬೇಕಲ್ಲ.”

“ನಾನಿದೀನಲ್ಲ. ನಾನು ಮಾಡ್ಕೊಡ್ತೀನಿ.”

“ನೀನು ಮಾಡ್ಕೊಟ್ರೆ ಈ ಕೈ ಮತ್ತೆ ಚಾಚ್ಕೊಂಡು ನಿಲ್ಲುತ್ತೆ ಕಣಮ್ಮ. ನಾನೇ ಮಾಡಿದ್ರೆ ಇದಕ್ಕೆ ಗೊತ್ತಾಗುತ್ತೆ.”

ಮಾಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುನಿರಾಮಯ್ಯನವರು ಬಿಡಿಸುತ್ತಲೇ ಇದ್ದರು. ಚೆನ್ನಾಗಿ ಬರುತ್ತಿರಲಿಲ್ಲ. ರಾಮಮ್ಮ ಎಸಳನ್ನಷ್ಟೇ ಚಿವುಟುತ್ತಿದ್ದಳು, ಇವರ ಕೈಯಲ್ಲಿ ಹಸಿರು ತೊಟ್ಟೂ ಕಿತ್ತು ಬರುತ್ತಿತ್ತು. ಕೊನೆಗೆ ಎಲ್ಲವನ್ನೂ ಪೇಪರಿನ ಮೇಲೆ ತೆಳ್ಳಗೆ ಹರಡಿದರು.

“ಫ್ಯಾನ್ ಹಾಕಮ್ಮ.”

“ಎಷ್ಟರಲ್ಲಿ ಮಾವ?”

ಮುನಿರಾಮಯ್ಯನವರು ತಲೆಯೆತ್ತಿದರು. ಇಷ್ಟು ವರ್ಷ ಈ ನಡುಮನೆಯಲ್ಲೇ, ಈ ಫ್ಯಾನಿನ ಕೆಳಗೇ ಎಸಳು ಆರಿದ್ದನ್ನು ನೋಡಿದ್ದರು. ಅವಳು ಎಷ್ಟರಲ್ಲಿ ಇಡುತ್ತಿದ್ದಳು ಎಂದು ಒಂದು ದಿನವೂ ನೋಡಿರಲಿಲ್ಲ. “ಗೊತ್ತಿಲ್ವಲ್ಲಮ್ಮ,” ಎಂದರು.

ಮಾಲಾ ಸ್ವಿಚ್ಚು ಒತ್ತಿ ಪೇಪರಿನ ಕಡೆ ಬಂದಳು. ನೆಂಟರ ಸೆಕೆಗೆಂದು ರೆಗ್ಯುಲೇಟರು ಐದರಲ್ಲೇ ಉಳಿದಿತ್ತು. ರೆಕ್ಕೆ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಪೇಪರು ಮಗುಚಿಕೊಂಡಿತು, ಎಸಳುಗಳೆಲ್ಲ ಎದ್ದು ನಡುಮನೆಯ ತುಂಬ ಹಾರಿದವು. ಗೋಡೆಗೆ, ಫೋಟೋಗೆ, ಮಾಲಾಳ ಸೆರಗಿಗೆ ಬಡಿದು ಬಿದ್ದವು. ಮುನಿರಾಮಯ್ಯನವರ ತಲೆಯ ಮೇಲೆ, ಮಡಿಲಲ್ಲಿ, ಬರಿಯ ತೋಳುಗಳ ಮೇಲೆ ಬಿದ್ದವು.

ಅವರು ತೋಳು ನೋಡಿಕೊಂಡರು. ಎರಡೂ ತೋಳಿನ ರೋಮ ಎದ್ದು ನಿಂತಿತ್ತು.

“ಅಯ್ಯೋ, ಆಫ್ ಮಾಡ್ತೀನಿ ಇರಿ ಮಾವ,” ಎಂದು ಮಾಲಾ ಸ್ವಿಚ್ಚಿನ ಕಡೆ ಕಾಲು ಎತ್ತಿದಳು.

“ಅಲ್ಲೇ ನಿಲ್ಲಮ್ಮ, ತುಳೀಬೇಡ,” ಎಂದರು ಮುನಿರಾಮಯ್ಯನವರು. ಅವರ ದನಿ ಒಡೆದಿತ್ತು. ನೆಲಕ್ಕೆ ಕೈಯೂರಿ ಬಗ್ಗಿ, ಎಸಳುಗಳನ್ನು ಒಂದೊಂದಾಗಿ ಆಯತೊಡಗಿದರು.